ಟವಲ್ ಕೆಳಗಿನ ಒದ್ದೆ ಅಂಗೈ

ದೇವನಹಳ್ಳಿ

ಹಾಲೆಂಡಿನವರು ನನ್ನನ್ನು ಕರೆಸಿಕೊಂಡದ್ದು ನನ್ನ ಬಲಗೈ ನೋಡುವುದಕ್ಕೆ. ಮಿಕ್ಕ ಮೈ ಜೊತೆಗೆ ಹೋದದ್ದು ಬೇರೆ ದಾರಿ ಇರಲಿಲ್ಲವಾದ್ದರಿಂದ. ಊರಲ್ಲಿ ಈ ಸುದ್ದಿ ಹೇಳಿದಾಗ ಕಟ್ಟೆ ಮೇಲೆ ಕೂತಿದ್ದ ಒಬ್ಬ, "ಕೈ ಒಂದನ್ನೇ ಪಾರ್ಸಲ್ ಮಾಡಿದ್ರೆ ಆಗ್ತಿರ್ಲಿಲ್ವಾ ಕೆಂಪಣ್ಣ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ದನದ ದಲ್ಲಾಳಿ. ರಾಜಘಟ್ಟದ ಪಕ್ಕದ ಹಳ್ಳಿಯವನು. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಒಂದು ಟವಲ್ ಕೆಳಗೆ ಸೇರಿಸಿ ಬೆರಳು ಹಿಡಿದು ಮಾತಾಡುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಅಂಗೈ ಪೂರ್ತಿ ಹಿಡಿದರೆ ಐದು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಏನೂ ಗೊತ್ತಾಗಬಾರದು. ಟವಲ್ ಒಳಗಿನದು ಟವಲ್ ಒಳಗೇ ಇರಬೇಕು ಎನ್ನುವುದು ನಮ್ಮ ಮೊದಲ ಪಾಠ.

ಘಾಟಿಯ ದನಗಳ ಜಾತ್ರೆಗೆ ಇಲ್ಸೆ ಎಂಬ ಎತ್ತರದ ಹೆಂಗಸು ಬಂದಿದ್ದಳು. ಮನುಷ್ಯರು ಮುಟ್ಟಿದಾಗ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಗೆ ತಿಳಿಯುತ್ತದೆ, ಅದನ್ನು ಯಂತ್ರಕ್ಕೆ ಕಲಿಸಬಹುದೇ ಎಂದು ಹುಡುಕುವ ಇಂಜಿನಿಯರು. ಅವಳ ಹತ್ತಿರ ಪಿಎಚ್.ಡಿ. ಮಾಡುವ ಸ್ಫೂರ್ತಿ ನಮ್ಮ ಹೊಸಕೋಟೆಯ ಹುಡುಗಿ. ಅವಳೇ ನಡುವೆ ನಿಂತು ಕನ್ನಡ ಮಾಡುತ್ತಿದ್ದಳು. ಬೆಲೆ ಬಿಟ್ಟು ಇನ್ನೇನು ತಿಳಿಯುತ್ತದೆ ಕೈಯಲ್ಲಿ ಎಂದು ಕೇಳಿದರು. ನಾನು ಮೀಸೆ ತಿರುವಿ, "ಸುಳ್ಳು ತಿಳಿಯುತ್ತೆ. ಸುಳ್ಳು ಹೇಳೋನ ಕೈ ಒದ್ದೆಯಾಗುತ್ತೆ" ಅಂದೆ. ಇಲ್ಸೆ ಕಣ್ಣರಳಿಸಿದಳು. ಟಿಕೆಟ್ ಬಂದದ್ದು ಆ ಒಂದು ಮಾತಿಗೆ.

ಆ ಮಾತಿನ ಮೇಲೆ ನನ್ನ ಹನ್ನೊಂದು ವರ್ಷದ ಒಂದು ಜಗಳವೂ ನಿಂತಿತ್ತು. ಮುನಿರಾಜು ನನ್ನ ಜೊತೆಗಾರ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಕಸುಬು ಕಲಿಸಿದವನು ನಾನೇ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಜಾತ್ರೆ ಜಾತ್ರೆ ಸುತ್ತಿದವರು. ಆ ವರ್ಷ ಇದೇ ಘಾಟಿ ಜಾತ್ರೆಯಲ್ಲಿ ಅವನ ಸ್ವಂತ ಹೋರಿ ಜೋಡಿಯನ್ನು ನಾನು ನನ್ನ ಮನೆಗೇ ಬೇಕು ಎಂದು ಕೇಳಿದೆ. ಟವಲ್ ಕೆಳಗೆ ಕೈ ಸೇರಿತು. "ಎಡಗಡೆದಕ್ಕೆ ಕಾಲಲ್ಲಿ ಏನಾದ್ರೂ ಐಬು ಐತೇನ್ಲಾ?" ಅಂದೆ. "ಏನೂ ಇಲ್ಲ" ಅಂದ. ಅಷ್ಟರಲ್ಲಿ ನಮ್ಮಿಬ್ಬರ ಅಂಗೈ ನಡುವೆ ನೀರಾಡಿತು. ನನಗೆ ಸಿಟ್ಟು ನೆತ್ತಿಗೇರಿತು. ಟವಲ್ ಕಿತ್ತು ಎಸೆದು ಅಷ್ಟು ಜನರ ಮುಂದೆ, "ಈ ಕೈ ಸುಳ್ಳು ಹೇಳ್ತೈತೆ!" ಎಂದು ಕೂಗಿಬಿಟ್ಟೆ. ನಮ್ಮಲ್ಲಿ ಟವಲ್ ಕೀಳುವುದೂ ಒಂದೇ, ನಡುಬೀದಿಯಲ್ಲಿ ಪಂಚೆ ಕೀಳುವುದೂ ಒಂದೇ. ಮುನಿರಾಜು ಒಂದು ಮಾತೂ ಆಡದೆ ಹೋರಿ ಹೊಡೆದುಕೊಂಡು ಹೊರಟುಹೋದ. ಆಮೇಲೆ ಯಾವ ಜಾತ್ರೆಯಲ್ಲೂ ಯಾರೂ ಅವನಿಗೆ ಟವಲ್ ಕೆಳಗೆ ಕೈ ಕೊಡಲಿಲ್ಲ. ಕಸುಬು ಬಿಟ್ಟು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಅವನ ಊರಲ್ಲಿ ಡೇರಿಗೆ ಹಾಲು ಅಳೆಯಲು ಸೇರಿಕೊಂಡ. ಆ ಹೋರಿಗಳು ಮುದಿಯಾಗುವವರೆಗೆ ಒಂದು ದಿನವೂ ಕುಂಟಲಿಲ್ಲವೆಂದು ಜನ ಬಂದು ಹೇಳಿದರು. ಐಬು ಆಮೇಲೆ ವಾಸಿಯಾಗಿರಬೇಕು ಎಂದು ನಾನು ವಾದಿಸಿದೆ. ಯಂತ್ರದಿಂದ ಸರ್ಟಿಫಿಕೇಟ್ ತಂದರೆ ಈ ಜನರ ಬಾಯಿ ಮುಚ್ಚುತ್ತದೆ ಎಂಬ ಆಸೆಯೂ ನನ್ನನ್ನು ವಿಮಾನ ಹತ್ತಿಸಿತು.

ಏರ್‌ಪೋರ್ಟ್ ಇರುವ ಬಯಲಲ್ಲಿ ನಾನು ಒಂದು ಕಾಲದಲ್ಲಿ ಎಷ್ಟೋ ಕರು ಕೊಡಿಸಿದ್ದೇನೆ. ಈಗ ಅಲ್ಲೇ ಬೆಲ್ಟ್ ಬಿಚ್ಚಿ, ಚಪ್ಪಲಿ ಬಿಚ್ಚಿ, ಕೈ ಮೇಲೆತ್ತಿ ನಿಂತೆ. ಹೆಂಡತಿ ಜಯಮ್ಮ ರಾಗಿ ಹುರಿದು ಬೀಸಿ ಕಟ್ಟಿಕೊಟ್ಟ ಹುರಿಟ್ಟನ್ನು ಒಬ್ಬ ಪೊಲೀಸು ಮೂಸಿ ನೋಡಿ, "ಏನ್ ಯಜಮಾನ್ರೇ ಇದು?" ಅಂದ. "ಹುರಿಟ್ಟು. ನಿಮ್ಮಜ್ಜಿನ ಕೇಳಿ" ಅಂದೆ. ಅವನು ನಗಲಿಲ್ಲ, ಆದರೂ ಬಿಟ್ಟ.

ನಾಲಿಗೆಗೆ ಹತ್ತದ ಊರು

ಇಳಿದ ಕಡೆ ಗಾಜಿನ ಮೇಲೆ ಬೆರಳು ಒತ್ತು ಅಂದರು. ಒತ್ತಿದೆ. ಇನ್ನೊಮ್ಮೆ ಅಂದರು. ಮತ್ತೊಮ್ಮೆ ಅಂದರು. ನಲವತ್ತು ವರ್ಷ ಮೂಗುದಾರ ಹಿಡಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಹಿಂದೆ ಸಾಲಿನಲ್ಲಿದ್ದವರು ಕಾಲು ಬದಲಿಸುತ್ತಿದ್ದರು. ಕೊನೆಗೆ ಆ ಆಫೀಸರು ತನ್ನ ಕೈಯಿಂದಲೇ ನನ್ನ ಬೆರಳನ್ನು ಗಾಜಿಗೆ ಒತ್ತಿ ಹಿಡಿದ. ಯಾರ ಕೈ ನೋಡಲು ಇಷ್ಟು ದೂರ ಕರೆಸಿದ್ದರೋ ಆ ಕೈಯನ್ನು ಅವರ ದೇಶದ ಮೊದಲ ಯಂತ್ರವೇ ಗುರುತಿಸಲಿಲ್ಲ.

ಸ್ಫೂರ್ತಿ ಕಾಯುತ್ತಿದ್ದಳು. ಹೋಗಬೇಕಾದ ಊರಿನ ಹೆಸರನ್ನು ಹತ್ತು ಸಲ ಹೇಳಿಕೊಟ್ಟಳು. ಗಂಟಲಲ್ಲಿ ಕಫ ತೆಗೆಯುವ ಹಾಗೆ ಶುರುವಾಗುತ್ತದೆ, ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ. ರೈಲಿನಲ್ಲಿ ಕೂತು ಜಯಮ್ಮನಿಗೆ ಫೋನ್ ಮಾಡಿ, ಬಂದು ಸೇರಿದೆ ಎಂದು ಹೇಳಿದೆ. ದನದ ಜಾತ್ರೆಯಲ್ಲಿ ಪಳಗಿದ ಗಂಟಲು ನನ್ನದು. ಡಬ್ಬಿ ತುಂಬ ಜನ ನನ್ನ ಕಡೆ ತಿರುಗಿದರು. ಒಬ್ಬಳು ಮುದುಕಿ ಕಿಟಕಿ ಗಾಜಿನ ಮೇಲೆ ಬರೆದಿದ್ದನ್ನು ಬೆರಳಿನಿಂದ ತೋರಿಸಿದಳು.

"ಅಂಕಲ್, ಇದು ಮಾತಾಡ್ಬಾರದ ಡಬ್ಬಿ" ಎಂದು ಸ್ಫೂರ್ತಿ ಪಿಸುಗುಟ್ಟಿದಳು.

"ಯಾರಾದ್ರೂ ಸತ್ತವ್ರೇನಮ್ಮಾ?"

"ಇಲ್ಲ. ಸುಮ್ನೆ ಇರೋಕೆ ಇಷ್ಟ ಇರೋರು ಇಲ್ಲಿ ಕೂರ್ತಾರೆ."

ಸುಮ್ಮನಿರುವುದಕ್ಕೆ ಪ್ರತ್ಯೇಕ ಡಬ್ಬಿ ಮಾಡಿದ ಜನ ನನ್ನ ಕೈಯ ಮಾತು ಕೇಳಲು ಹೊರಟಿದ್ದರಲ್ಲ, ಅದು ನನಗೆ ಅರ್ಥವಾಗಲಿಲ್ಲ. ಹೊರಗೆ ಹಸಿರು ಬಯಲಲ್ಲಿ ಕಪ್ಪು ಬಿಳಿ ಹಸುಗಳು ಮೇಯುತ್ತಿದ್ದವು. ಒಂದಕ್ಕೂ ಕೊಂಬಿಲ್ಲ. ಕಿವಿಯಲ್ಲಿ ಹಳದಿ ಬಿಲ್ಲೆ. ಕಾಯುವವನು ಕಣ್ಣಿಗೆ ಬೀಳಲಿಲ್ಲ, ಕೋಲೂ ಇಲ್ಲ, ನಾಯಿಯೂ ಇಲ್ಲ. ಕೊಂಬು ನೋಡದೆ ನಾನು ದನದ ಗುಣ ಹೇಳಲಾರೆ. ರೈಲು ಇಳಿಯುವವರೆಗೂ ಆ ಹಸುಗಳ ವಯಸ್ಸು ಎಷ್ಟಿರಬಹುದೆಂದು ಲೆಕ್ಕ ಹಾಕಿ ಸೋತೆ.

ನಾನು ಉಳಿದುಕೊಂಡ ಮನೆಯಲ್ಲಿ ಇನ್ನೊಂದು ಎಡವಟ್ಟು. ನನ್ನ ಕೆಂಪು ಚೌಕುಳಿ ಟವಲನ್ನು ಮಂಚದ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಕೋಣೆ ಗುಡಿಸುವವಳು ಅದನ್ನು ಒಯ್ದು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿಬಿಟ್ಟಿದ್ದಳು. ಸಾಯಂಕಾಲ ಮಡಿಸಿ ತಂದುಕೊಟ್ಟಳು. ಮಲ್ಲಿಗೆಯಂಥ ಏನೋ ವಾಸನೆ. ಇಪ್ಪತ್ತು ಜಾತ್ರೆಯ ಧೂಳು, ಸಗಣಿ, ನಶ್ಯದ ಘಮ ಎಲ್ಲ ಹೋಗಿತ್ತು. ಪಾಪ, ನಗುತ್ತ ನಿಂತಿದ್ದಳು. ನಾನೂ ಕೈಮುಗಿದೆ. ಒಳಗೆ ಮಾತ್ರ ಅಳು ಬಂದಂತಾಯಿತು.

ಮೊದಲ ದಿನ: ಒಂದರಿಂದ ಏಳು

ಪ್ರಯೋಗದ ಕೋಣೆಯಲ್ಲಿ ಒಂದು ಮೇಜು, ಮೇಜಿನ ನಡುವೆ ಒಂದು ಪರದೆ, ಪರದೆಯಲ್ಲಿ ಕೈ ತೂರುವಷ್ಟು ಕಂಡಿ. ಕಂಡಿಯ ಮೇಲೆ ನನ್ನ ಟವಲ್ ಹಾಸಿದರು. ನನ್ನ ಅಂಗೈಗೆ, ಮಣಿಕಟ್ಟಿಗೆ ತೆಳ್ಳಗಿನ ಪಟ್ಟಿ ಅಂಟಿಸಿದರು. ಬೆವರು, ಬಿಸಿ, ನಾಡಿ ಎಲ್ಲವೂ ಅದರಲ್ಲಿ ತಿಳಿಯುತ್ತದಂತೆ.

ಅದಕ್ಕೆ ಮೊದಲು ಒಂದು ಕಾಗದ. ಇಲ್ಸೆ ಕೇಳಿದ್ದನ್ನು ಸ್ಫೂರ್ತಿ ಕನ್ನಡದಲ್ಲಿ ಹೇಳಿದಳು: "ಅಂಕಲ್, ಈಗ ನಿಮಗೆ ಎಷ್ಟು ಸಂತೋಷ ಆಗ್ತಿದೆ? ಒಂದರಿಂದ ಏಳರೊಳಗೆ ಹೇಳಿ."

"ಏಳು ಅಂದ್ರೆ ಎಷ್ಟು?"

"ತುಂಬಾ ಸಂತೋಷ."

"ತುಂಬಾ ಅಂದ್ರೆ? ಹಸು ಹೆಣ್ಗರು ಹಾಕ್ದಾಗ ಆಗೋ ಅಷ್ಟೋ, ಮಗಳು ಪಾಸಾದಾಗ ಆಗೋ ಅಷ್ಟೋ?"

ಸ್ಫೂರ್ತಿ ಇಲ್ಸೆಯನ್ನು ಕೇಳಿದಳು. ಇಲ್ಸೆ, ಅದು ನಿಮಗೇ ಬಿಟ್ಟದ್ದು ಅಂದಳು. ನನಗೆ ತಲೆ ಕೆಟ್ಟಿತು. ಅಳತೆಗೋಲು ಕೊಟ್ಟು ಅದರ ಉದ್ದ ನೀವೇ ಹೇಳಿ ಅಂದರೆ ಹೇಗೆ? ನಾಲ್ಕು ಎಂದು ಬರೆಸಿದೆ. ನಾಲ್ಕು ಹೇಳಿದರೆ ಎರಡು ಕಡೆಯೂ ತಪ್ಪಿಸಿಕೊಳ್ಳಲು ಜಾಗ ಇರುತ್ತದೆ. ಇದು ದಲ್ಲಾಳಿ ಬುದ್ಧಿ.

ಆಮೇಲೆ ಆಟ. ಪರದೆಯ ಆಚೆ ಒಬ್ಬರು ಕೂತು, ಮಾತಿಲ್ಲದೆ, ಬರಿಯ ಮುಟ್ಟುವಿಕೆಯಿಂದ ಒಂದು ಭಾವನೆಯನ್ನು ನನಗೆ ದಾಟಿಸಬೇಕು. ಯಾವ ಭಾವನೆ ಎಂದು ನಾನು ಹೇಳಬೇಕು. ಮೊದಲ ಕೈ ಬಂತು, ಮೆತ್ತಗಿತ್ತು. ನನ್ನ ನಾಲ್ಕು ಬೆರಳನ್ನು ಸೇರಿಸಿ ಹಿಡಿದು ಮೆಲ್ಲಗೆ ಅದುಮಿತು.

"ನಾಲ್ಕು" ಅಂದೆ.

ಎರಡನೆಯ ಕೈ ನನ್ನ ಕಿರುಬೆರಳು ಹಿಡಿದು ಎಳೆಯಿತು. "ಒಂದು. ತೀರಾ ಕಮ್ಮಿ ಆಯ್ತು, ನಾನು ಒಪ್ಪಲ್ಲ" ಎಂದು ಕೈ ಒದರಿದೆ. ಮೂರನೆಯದು ಬಂದು ನನ್ನ ಮುಂಗೈ ಸವರಿ ಸವರಿ ಬಿಟ್ಟಿತು. "ಇವನಿಗೆ ದನ ಬ್ಯಾಡ. ಸುಮ್ನೆ ಹೊತ್ತು ಕಳೀತವ್ನೆ" ಅಂದೆ.

ಸ್ಫೂರ್ತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮೊದಲನೆಯದು ಮರುಕವಂತೆ, ಎರಡನೆಯದು ತಮಾಷೆ, ಮೂರನೆಯದು ದುಃಖ. ಯಾರೋ ಪುಣ್ಯಾತ್ಮ ನನ್ನ ಕೈಗೆ ದುಃಖ ಹೇಳಿಕೊಂಡರೆ ನಾನು ಅವನಿಗೆ ದನ ಬೇಡವೆಂದು ಓಡಿಸಿದ್ದೆ. ಇಲ್ಸೆಗೆ ಬೇಸರವಾಗಲಿಲ್ಲ, ಅದನ್ನೆಲ್ಲ ಬರೆದುಕೊಂಡಳು. ನನಗೆ ಮಾತ್ರ ಊಟ ಸೇರಲಿಲ್ಲ. ಅಲ್ಲಿ ಮಧ್ಯಾಹ್ನದ ಊಟ ಅಂದರೆ ತಣ್ಣಗಿನ ಬ್ರೆಡ್ಡು ಮತ್ತು ಚೀಸು, ಸೇರದಿದ್ದರೂ ನಷ್ಟವಿರಲಿಲ್ಲ ಅನ್ನಿ.

ಎರಡನೇ ದಿನ: ಕೆಂಪು ಗೆರೆ, ನೀಲಿ ಗೆರೆ

ಈ ದಿನಕ್ಕಾಗಿಯೇ ನಾನು ಬಂದಿದ್ದೆ. ಸುಳ್ಳು ಹಿಡಿಯುವ ಪರೀಕ್ಷೆ. ಆಚೆ ಕೂತವರ ಹತ್ತಿರ ಇಸ್ಪೀಟಿನ ಎಲೆಗಳು. ಒಂದೊಂದೇ ಎಲೆ ಎತ್ತಿ ನೋಡಿ, ಕಪ್ಪೇ ಇರಲಿ ಕೆಂಪೇ ಇರಲಿ, "ಕೆಂಪು" ಎಂದೇ ಹೇಳಬೇಕು. ಅವರ ಕೈ ನನ್ನ ಕೈಯಲ್ಲಿ, ಮೇಲೆ ಟವಲ್. ನಿಜವೋ ಸುಳ್ಳೋ ನಾನು ಹೇಳಬೇಕು. ಈ ಸಲ ಅವರ ಅಂಗೈಗೂ ಪಟ್ಟಿ ಅಂಟಿಸಿದ್ದರು.

ಮನಸ್ಸಿಟ್ಟು ಕೂತೆ. ಕೈ ಒಣಗಿದ್ದರೆ "ನಿಜ" ಅಂದೆ. ಅಂಗೈ ನಡುವೆ ಒದ್ದೆ ಆಡಿದ ಕೂಡಲೇ "ಸುಳ್ಳು" ಅಂದೆ. ಮುನಿರಾಜುವಿನ ಕೈಯಲ್ಲಿ ಅವತ್ತು ಆಡಿದ್ದು ಇದೇ ಒದ್ದೆ, ನನಗೆ ಚೆನ್ನಾಗಿ ನೆನಪಿತ್ತು. ಮಧ್ಯಾಹ್ನದವರೆಗೆ ಆರು ಜನ ಬಂದು ಹೋದರು. ಗೆದ್ದೆ ಎಂದುಕೊಂಡೇ ಎದ್ದೆ.

ಇಲ್ಸೆ ಲೆಕ್ಕ ತೋರಿಸಿದಳು. ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು.

"ಮಿಷನ್ ಕೆಟ್ಟಿದೆ ಅಂತ ಹೇಳಮ್ಮಾ" ಅಂದೆ.

ಇಲ್ಸೆ ಜಗಳವಾಡಲಿಲ್ಲ. ಪಟ್ಟಿಗಳನ್ನು ಅದಲು ಬದಲು ಮಾಡಿ, ನನಗಿದ್ದದ್ದನ್ನು ಆಚೆಯವರಿಗೆ, ಆಚೆಯದನ್ನು ನನಗೆ ಅಂಟಿಸಿ ಮತ್ತೆ ಆಡಿಸಿದಳು. ಮತ್ತೆ ಅದೇ. ಆಮೇಲೆ ಕಂಪ್ಯೂಟರಿನಲ್ಲಿ ಎರಡು ಗೆರೆ ತೋರಿಸಿದಳು. ಕೆಂಪು ಗೆರೆ ನನ್ನ ಬೆವರು, ನೀಲಿ ಗೆರೆ ಅವರ ಬೆವರು. ನಾನು "ಸುಳ್ಳು" ಎಂದ ಕಡೆಯೆಲ್ಲ ಒಂದೊಂದು ಚುಕ್ಕೆ ಇತ್ತು. ಹೆಚ್ಚುಕಮ್ಮಿ ಪ್ರತಿ ಚುಕ್ಕೆಯ ಹಿಂದೆ ಕೆಂಪು ಗೆರೆ ಗುಡ್ಡದ ಹಾಗೆ ಎದ್ದಿತ್ತು. ನೀಲಿ ಗೆರೆ ಕೆರೆಯ ಹಾಗೆ ಮಲಗಿತ್ತು.

"ಏನಂತಾಳೆ?" ಎಂದು ಸ್ಫೂರ್ತಿಯನ್ನು ಕೇಳಿದೆ. ಅವಳಿಗೆ ಹೇಳಲು ಸಂಕೋಚ.

"ಎರಡು ಅಂಗೈ ಅಂಟಿಕೊಂಡಾಗ ಒದ್ದೆ ಯಾರದು ಅಂತ ಚರ್ಮಕ್ಕೆ ಸುಲಭವಾಗಿ ಗೊತ್ತಾಗಲ್ವಂತೆ ಅಂಕಲ್. ಇಲ್ಲಿ ಬೆವರಿದ್ದೆಲ್ಲ ನಿಮ್ಮ ಕೈ. ಸೋತುಬಿಡ್ತೀನೇನೋ ಅಂತ ನಿಮಗೆ ಭಯ ಇತ್ತಲ್ಲ, ಅದಕ್ಕೆ ಇರಬಹುದು ಅಂತಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಎಲ್ಲರೂ ಕಾಫಿಗೆ ಎದ್ದರು. ನಾನು ಅಲ್ಲೇ ಕೂತು ಆ ಕೆಂಪು ಗೆರೆಯನ್ನು ನೋಡುತ್ತಿದ್ದೆ. ಇವತ್ತು ಬೆವರಿದ್ದು ನನ್ನ ಕೈಯಾದರೆ ಅವತ್ತು ಬೆವರಿದ್ದು?

ಹೆಂಕಜ್ಜನ ಅಂಗಳ

ನನ್ನ ಮುಖ ಬಾಡಿದ್ದು ನೋಡಿ ಇಲ್ಸೆ ಮಾರನೆಯ ದಿನ ರಜೆ ಕೊಟ್ಟು ಹಳ್ಳಿಯಲ್ಲಿದ್ದ ಅವಳ ಅಜ್ಜನ ಮನೆಗೆ ಕರೆದೊಯ್ದಳು. ಅಜ್ಜನ ಹೆಸರು ಹೆಂಕ್, ನನ್ನ ಬಾಯಲ್ಲಿ ಹೆಂಕಜ್ಜ; ಎಂಬತ್ತು ದಾಟಿದೆ. ಅವನೂ ದನದ ವ್ಯಾಪಾರಿಯಾಗಿದ್ದವನು! ಇದನ್ನು ಮೊದಲೇ ಹೇಳಬಾರದಿತ್ತೇ ಮಹಾತಾಯಿ ಎಂದು ಇಲ್ಸೆಯನ್ನು ಬೈದೆ. ಸ್ಫೂರ್ತಿ ಅದನ್ನು ಅನುವಾದಿಸಲಿಲ್ಲ.

ಒಂದು ಕಪ್ ಕಾಫಿ, ಒಂದೇ ಒಂದು ಬಿಸ್ಕತ್ತು ಕೊಟ್ಟರು. ನಾನು ಎರಡನೆಯದಕ್ಕೆ ಕೈ ಚಾಚುವಷ್ಟರಲ್ಲಿ ಅಜ್ಜಿ ಡಬ್ಬ ಮುಚ್ಚಿ ಒಳಗೆ ಇಟ್ಟುಬಿಟ್ಟಳು. ನಮ್ಮ ಕಡೆ ಹೀಗೆ ಮಾಡಿದರೆ ನೆಂಟಸ್ತನ ಮುರಿಯುತ್ತದೆ. ಅಲ್ಲಿ ಅದೇ ಮರ್ಯಾದೆಯಂತೆ.

ಅವರ ಕಾಲದ ವ್ಯಾಪಾರವನ್ನು ಹೆಂಕಜ್ಜ ಅಂಗಳದಲ್ಲಿ ಆಡಿ ತೋರಿಸಿದ. ಟವಲ್ ಇಲ್ಲ, ಮುಚ್ಚುಮರೆ ಇಲ್ಲ. ಬೆಲೆ ಕೂಗಿ ಎದುರಿನವನ ಅಂಗೈಗೆ ಚಟೀರೆಂದು ಹೊಡೆಯುವುದು. ಅವನು ತನ್ನ ಬೆಲೆ ಕೂಗಿ ತಿರುಗಿ ಹೊಡೆಯುವುದು. ಒಪ್ಪಿಗೆಯಾಗುವವರೆಗೆ ಹೊಡೆತವೋ ಹೊಡೆತ. ನನಗೆ ಡಚ್ ಬಾರದು, ಅವನಿಗೆ ಕನ್ನಡ ಬಾರದು. ಇಲ್ಲದ ಒಂದು ಹಸುವಿಗೆ ಇಬ್ಬರೂ ಕೂಗಾಡಿ ಕೈ ಬಡಿದುಕೊಂಡೆವು. ನನ್ನ ಅಂಗೈ ಕೆಂಪಗಾಯಿತು. ಎರಡು ದಿನದಲ್ಲಿ ಮೊದಲ ಸಲ ಮನಸ್ಸು ಹಗುರಾಯಿತು.

ಆಮೇಲೆ ಸ್ಫೂರ್ತಿಯಿಂದ ಒಂದು ಮಾತು ಕೇಳಿಸಿದೆ. "ಅಜ್ಜಾ, ಎದುರಿನವನು ಸುಳ್ಳು ಹೇಳ್ತವ್ನೆ ಅಂತ ನಿಮಗೆ ಕೈಯಲ್ಲಿ ಗೊತ್ತಾಗ್ತಿತ್ತಾ?"

ಸ್ಫೂರ್ತಿ ಕೇಳಿ, ಉತ್ತರ ತಂದಳು. "ಇಲ್ವಂತೆ. ಅವರು ಕೈ ಕಡೆ ಗಮನ ಕೊಡ್ತಿರ್ಲಿಲ್ವಂತೆ. ಹಸುನ ನೋಡ್ತಿದ್ರಂತೆ."

ಹೆಂಕಜ್ಜ ತಲೆಯಾಡಿಸಿ, ಇಲ್ಲದ ಆ ಹಸುವಿನ ಕಡೆ ಬೆರಳು ತೋರಿಸಿದ.

ಮಾತಾಡಬಾರದ ಡಬ್ಬಿ

ವಾಪಸ್ ಬರುವಾಗಲೂ ನಮಗೆ ಸಿಕ್ಕಿದ್ದು ಅದೇ ಸುಮ್ಮನಿರುವ ಡಬ್ಬಿ. ಇಲ್ಸೆ ಕಣ್ಣು ಮುಚ್ಚಿದ್ದಳು. ಹನ್ನೊಂದು ವರ್ಷ ಯಾರಿಗೂ ಹೇಳದ ಮಾತನ್ನು ನಾನು ಸ್ಫೂರ್ತಿಯ ಕಿವಿಯ ಹತ್ತಿರ ಬಾಗಿ ಹೇಳಿದೆ. ಆ ಹೋರಿ ಜೋಡಿ ನನ್ನ ಮನೆಗಲ್ಲ. ಹೊಸೂರು ಕಡೆಯ ಗಿರಾಕಿಯೊಬ್ಬ ಅವತ್ತು ಬೆಳಿಗ್ಗೆ ನನ್ನನ್ನು ಹಿಡಿದು, ಅದನ್ನು ಹೇಗಾದರೂ ಕೊಡಿಸು, ಎಷ್ಟಾದರೂ ಕೊಡುತ್ತೇನೆ ಎಂದಿದ್ದ. ಮುನಿರಾಜುವಿಗೆ ಮನೆಗೆ ಬೇಕು ಎಂದು ಹೇಳಿ, ಗೆಳೆಯನ ಬೆಲೆಗೆ ತೆಗೆದುಕೊಂಡು, ಆ ಗಿರಾಕಿಗೆ ದಾಟಿಸುವ ಯೋಚನೆ ನನ್ನದು. ಟವಲ್ ಕೆಳಗೆ ಒಂದು ಸುಳ್ಳು ಇದ್ದದ್ದು ನಿಜ. ಅದು ನನ್ನದಾಗಿತ್ತು. ಇದನ್ನು ನಾನು ಮರೆತಿರಲಿಲ್ಲ. ಆದರೆ ಅವನ ಕೈಯೂ ಸುಳ್ಳು ಹೇಳಿತಲ್ಲ ಎಂದು ಎರಡನ್ನೂ ಸರಿತೂಗಿಸಿಕೊಂಡು ಇಷ್ಟು ವರ್ಷ ಉಂಡು ಮಲಗಿದ್ದೆ. ಈಗ ತಕ್ಕಡಿಯ ಆ ಕಡೆಯ ಕಲ್ಲನ್ನು ಯಾರೋ ಎತ್ತಿಬಿಟ್ಟಿದ್ದರು. ನಾಚಿಕೆಯಾಯಿತು. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸ್ಫೂರ್ತಿ ನನ್ನ ಫೋನನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಇವತ್ತೇ ಫೋನ್ ಮಾಡ್ಬಿಡಿ ಅಂಕಲ್."

"ಮರ್ಯಾದೆ ಕಳ್ದಿದ್ದು ಜನದ ಮುಂದೆ ಕಣಮ್ಮಾ. ಫೋನಲ್ಲಿ ಕೊಟ್ರೆ ಯಾರಿಗೆ ಕಾಣುತ್ತೆ?"

ಅದೇ ಮುದುಕಿಯಂಥ ಇನ್ನೊಬ್ಬಳು ಗಾಜಿನ ಮೇಲಿನ ಬರಹ ತೋರಿಸಿದಳು. ಸುಮ್ಮನಾದೆ.

ಚನ್ನರಾಯಪಟ್ಟಣ ಹೋಬಳಿ

ಊರಿಗೆ ವಾಪಸ್ ಬಂದ ಮೂರನೆಯ ಬೆಳಿಗ್ಗೆ ಮುನಿರಾಜುವಿನ ಊರಿನ ಡೇರಿಗೆ ಹೋದೆ. ಇಪ್ಪತ್ತು ಮೂವತ್ತು ಜನ ಹಾಲಿನ ಕ್ಯಾನು ಹಿಡಿದು ಸಾಲಲ್ಲಿದ್ದರು. ಇಂಥ ಹೊತ್ತು ಬೇಕೆಂದೇ ಆರಿಸಿಕೊಂಡಿದ್ದೆ. ಮುನಿರಾಜು ಹಾಲು ಅಳೆಯುತ್ತ ತಲೆಯೆತ್ತಿದ. ಕೂದಲು ನರೆತಿತ್ತು. ನನ್ನನ್ನು ನೋಡಿ ಅವನ ಮುಖದಲ್ಲಿ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ.

ನಾನು ಬಲಗೈ ಚಾಚಿದೆ. ಅವನು ನೋಡಿದ. ಹನ್ನೊಂದು ವರ್ಷವಾದರೂ ಕಸುಬಿನ ಅಭ್ಯಾಸ ಹೋಗುತ್ತದೆಯೇ? ಹೆಗಲ ಟವಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿ ನನ್ನ ಕೈ ಹಿಡಿದ. ಇನ್ನೊಂದು ಕೈಯಿಂದ ನಾನು ಟವಲನ್ನು ಸರಿಸಿದೆ.

"ಬ್ಯಾಡ. ಎಲ್ರೂ ನೋಡ್ಲಿ, ಎಲ್ರೂ ಕೇಳ್ಲಿ" ಎಂದು ಜಾತ್ರೆಯ ಗಂಟಲಲ್ಲೇ ಹೇಳಿದೆ. "ಅವತ್ತು ಘಾಟೀಲಿ ಬೆವ್ತಿದ್ದು ನನ್ ಕೈ ಕಣೋ ಮುನ್ರಾಜ. ನಿಂದಲ್ಲ. ಹೊಸೂರು ಗಿರಾಕಿಗೆ ಮಾರೋಕೆ ನಿನ್ ಹೋರಿ ಕೇಳ್ದೆ, ಮನೆಗೆ ಅಂತ ಸುಳ್ಳು ಹೇಳ್ದೆ. ಸುಳ್ಳ ನಾನು."

ಮುನಿರಾಜು ನನ್ನ ಕೈ ಬಿಡಲಿಲ್ಲ.

"ಗೊತ್ತು" ಅಂದ.

"ಏನ್ ಗೊತ್ತು?"

"ಹೊಸೂರಿನವನ ವಿಚಾರ. ಅವತ್ತೇ ಗೊತ್ತಾಯ್ತು."

"ಕೈಯಿಂದ್ಲಾ?"

"ಕೈಯಿಂದ ಏನ್ ಗೊತ್ತಾಗ್ತದ್ಲಾ, ತಿಕ್ಲ. ಕಾಲಲ್ಲಿ ಐಬು ಐತಾ ಅಂತ ಕೇಳ್ತಿದ್ದೆ, ಹೋರಿ ಕಾಲ್ ಕಡೆ ನೋಡ್ಲೇ ಇಲ್ಲ ನೀನು. ಆಚೆ ನಿಂತಿದ್ದ ಅವನ್ನೇ ನೋಡ್ತಿದ್ದೆ."

"ಮತ್ತೆ ಅಷ್ಟು ಜನದ ಮುಂದೆ ನಿನ್ನ ಸುಳ್ಳ ಅಂದ್ನಲ್ಲೋ. ಅವತ್ತೇ ಯಾಕೋ ಹೇಳ್ಲಿಲ್ಲ?"

"ಟವಲ್ ಒಳಗಿಂದು ಟವಲ್ ಒಳಗೇ ಇರ್ಬೇಕು ಅಂತ ಹೇಳ್ಕೊಟ್ಟಿದ್ದು ಯಾರು?" ಅಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಕಣ್ಣಲ್ಲಿ ನೀರು ತುಂಬಿ ಅವನ ಮುಖ ಸರಿಯಾಗಿ ಕಾಣಲಿಲ್ಲ.

ಅವನು ಕೈ ಬಿಟ್ಟು ಸಾಲಿನಲ್ಲಿ ಮುಂದಿದ್ದ ಹೆಂಗಸಿಗೆ, "ಬಾರಕ್ಕ, ಕ್ಯಾನ್ ಇಡು" ಅಂದ. ಅಳೆಯುತ್ತಲೇ, ನನ್ನ ಕಡೆ ನೋಡದೆ, ಟವಲನ್ನು ನನ್ನ ಮೇಲೆ ಎಸೆದ. "ಮುಖ ಒರೆಸ್ಕೊ. ಇವ್ರದೆಲ್ಲ ಮುಗೀಲಿ, ಬರ್ತೀನಿ."

ಎಷ್ಟು ಸಂತೋಷ, ಒಂದರಿಂದ ಏಳರೊಳಗೆ ಹೇಳು ಎಂದು ಆಗ ಯಾರಾದರೂ ಕೇಳಿದ್ದರೆ ನನಗೆ ನಾಲ್ಕು ಎನ್ನಲೂ ಬರುತ್ತಿರಲಿಲ್ಲ. ಆ ಟವಲಿಗೆ ಹಾಲು, ಸಗಣಿ, ಬೆವರು ಎಲ್ಲದರ ವಾಸನೆ ಇತ್ತು. ಮುಖ ಒರೆಸಿ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕೈಯಲ್ಲಿ ಕ್ಯಾನಿಲ್ಲದೆ, ಸಾಲಿನ ಕೊನೆಗೆ ಹೋಗಿ ನಿಂತೆ.